ತೊಗಟೆಗೆ ತಾಗಿದ ಹೆಸರು

"ಏನ್ ಬೇಕಾದ್ರೂ ಮಾಡ್ಕೊಳ್ಳಿ ಮೇಡಂ. ಕುಣೀರಿ, ಹಾಡಿ, ಹಗ್ಗ ಜಗ್ಗಿ. ಆ ಮರಕ್ಕೆ ಮಾತ್ರ ಮೊಳೆ ಹೊಡೀಬೇಡಿ."

ಹೇಳಿದವನು ಬೈಲಪ್ಪ, ರೆಸಾರ್ಟಿನ ಮಾಲೀಕ. ಘಾಟಿ ಸುಬ್ರಹ್ಮಣ್ಯದ ರಸ್ತೆ ಬಿಟ್ಟು ಮಾಕಳಿ ಬೆಟ್ಟದ ಕಡೆ ತಿರುಗಿದರೆ ಸಿಗುವ ಅವನ ರಾಗಿ ಹೊಲವೆಲ್ಲ ಈಗ ಕಾಟೇಜುಗಳಾಗಿ ನಿಂತಿತ್ತು. ಕೊರಳಲ್ಲಿ ಬೆರಳು ದಪ್ಪದ ಸರ. ಗೇಟಿನ ಬಳಿ ಅವನ ಬಿಳಿ ಕಾರು ಎಂಜಿನ್ ಆರಿಸದೆ ಕಾಯುತ್ತಿತ್ತು. ಯಾವುದಕ್ಕೂ ಹೆದರುವ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಆದರೆ ಮರವನ್ನು ತೋರಿಸುವಾಗ ಬೆರಳು ಚಾಚದೆ ಮುಷ್ಟಿ ಕಟ್ಟಿ ತೋರಿಸಿದ.

ಸೀರೆ ಕಂಪನಿಯೊಂದರ ಎಚ್‌ಆರ್ ಮುಖ್ಯಸ್ಥೆ ಮೇಘನ ಆ ಕಡೆ ನೋಡಿದಳು. ಅಂಗಳದ ಅಂಚಿಗೆ ಒಂದು ಹಳೆಯ ಹುಣಸೆ. ಬುಡದಿಂದ ಆಳೆತ್ತರದವರೆಗೂ ತುಕ್ಕು ಹಿಡಿದ ಮೊಳೆಗಳ ತಲೆ, ಸಿಡುಬು ಬಂದು ಹೋದ ಮುಖದ ಹಾಗೆ. ಕಾಂಡದ ಒಂದು ಪಕ್ಕ ಉಬ್ಬಿಕೊಂಡು ದೊಡ್ಡ ಗಂಟಾಗಿತ್ತು.

"ಯಾಕಣ್ಣ, ಮರಕ್ಕೆ ಬಿಪಿ ಇದೆಯಾ?" ಎಂದ ಅಂಜನ್. ಅವನು ಕಂಪನಿಯ ಸೇಲ್ಸ್ ನೋಡಿಕೊಳ್ಳುವವನು. ಎಲ್ಲಿ ಹೋದರೂ ಮೊದಲು ನಗಿಸಿ ಆಮೇಲೆ ಮಾತಾಡುವ ಹುಡುಗ.

ಬೈಲಪ್ಪ ನಗಲಿಲ್ಲ. "ಮುನೇಶ್ವರನ ಮರ ಕಣಪ್ಪ. ಹಿಂದೆ ಇಲ್ಲಿ ಹೆಸರು ಹೊಡೀತಿದ್ರು. ಮನೇಲಿ ಒಬ್ಬ ಬೇಡ ಅನ್ನಿಸಿದ್ರೆ ಅವನ ಹೆಸರು ತಗಡಿನ ಮೇಲೆ ಕೊರೆಸಿ ಮೊಳೆ ಹೊಡೆಯೋರು. ಒಬ್ಬ ಹೊಡೆದ್ರೆ ಏನೂ ಆಗಲ್ಲ. ಒಂದೇ ಮಡಕೇಲಿ ಉಂಡೋರೆಲ್ಲಾ ಒಬ್ಬೊಬ್ರಾಗಿ ಬಂದು ಅದೇ ಹೆಸರು ಹೊಡೀಬೇಕು. ಯಾವ ಹೆಸರು ತೊಗಟೆಗೆ ತಾಗಿರುತ್ತೋ ಅದು ಮುನಿಗೆ."

"ಎಲ್ಲಾ ಅಂದ್ರೆ? ಆ ಮನುಷ್ಯನೂನಾ?" ಎಂದು ಕೇಳಿದ್ದು ಉಮಾಶಂಕರ್. ಮಗ್ಗಗಳ ಉಸ್ತುವಾರಿ ಅವರದು. ಪವರ್‌ಲೂಮಿನ ಸದ್ದಿಗೆ ಒಂದು ಕಿವಿ ಹೋಗಿ, ಮಾತಾಡುವವರ ಕಡೆಗೆ ಇನ್ನೊಂದು ಕಿವಿ ಕೊಟ್ಟು ನಿಲ್ಲುವ ಅಭ್ಯಾಸವಾಗಿತ್ತು.

"ಅವನೂ ಹೊಡೀಬೇಕು. ಮೋಸ ಮಾಡಿ ಹೊಡೆಸೋರು. ನಮ್ಮ ತಾತನ ತಮ್ಮನಿಗೆ ಓದೋಕೆ ಬರ್ತಿರ್ಲಿಲ್ಲ. ಹರಕೆ ತಗಡು ಅಂತ ಕೈಗೆ ಕೊಟ್ರಂತೆ, ಪಾಪ, ಕಣ್ಣಿಗೊತ್ಕೊಂಡು ಹೊಡೆದ. ಮಧ್ಯಾಹ್ನ ಉಣ್ತಾ ಕೂತಿದ್ದೋನು ಮಾತು ಅರ್ಧಕ್ಕೆ ಬಿಟ್ಟು ಎದ್ದು ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತ್ನಂತೆ." ಬೈಲಪ್ಪನ ಮುಷ್ಟಿ ಕಾಂಡದ ಗಂಟಿನ ಕಡೆ ತಿರುಗಿತು. "ಇನ್ನೂ ನಿಂತವ್ನೆ."

ಲೆಕ್ಕಪತ್ರ ನೋಡುವ ಮಮತ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹೆಂಗಸು. ಮಾತು ಕಡಿಮೆ. "ಮೊಳೆ ಕಿತ್ರೆ?" ಎಂದಳು.

"ಹೊಡೆದೋರೇ ಕೀಳ್ಬೇಕಮ್ಮ. ಅವರವರ ಮೊಳೆ ಅವರವರೇ. ಹೊತ್ತು ವಾಲೋದ್ರೊಳಗೆ. ಯಾರ್ ಕೀಳ್ತಾರೆ ಹೇಳು."

ಮೇಘನ ಚಪ್ಪಾಳೆ ತಟ್ಟಿದಳು. "ಅಂದ್ರೆ ಎಲ್ಲರೂ ಒಪ್ಪಿದ್ರೆ ಮಾತ್ರ ಒಬ್ಬನನ್ನ ತೆಗೀಬಹುದು. ಬೈಲಪ್ಪನವರೇ, ನಿಮ್ಮ ಮುನಿಗೆ ನಮ್ಮ ಕಂಪನಿಗಿಂತ ಒಳ್ಳೆ ಎಚ್‌ಆರ್ ಪಾಲಿಸಿ ಇದೆ."

ಅಂಜನ್ ಮಾತ್ರ ನಕ್ಕ, ಅದೂ ಅರ್ಧ.

"ನಾನು ಹೇಳಿದ್ದೀನಿ ಮೇಡಂ," ಎಂದು ಬೈಲಪ್ಪ ಕಾರಿನ ಕಡೆ ನಡೆದ. ಅಡುಗೆಯವರಿಗೆ, ಮಾಲಿಗೆ ಅವತ್ತು ರಜೆ ಕೊಡಿಸಿದ್ದು ಮೇಘನಳೇ. ತಂಡದವರು ಬಿಟ್ಟರೆ ಸುತ್ತ ಒಂದು ನರಪಿಳ್ಳೆಯೂ ಇರಕೂಡದು ಎಂದು ಕೇಳಿಕೊಂಡಿದ್ದಳು. ಕಾರಿನ ಸದ್ದು ತಿರುವಿನಲ್ಲಿ ಅಡಗಿತು. ಆಮೇಲೆ ಉಳಿದದ್ದು ಗಾಳಿ, ಹುಣಸೆಯ ಹುಳಿ ವಾಸನೆ, ಆ ನಾಲ್ಕು ಜನ.

*

ಲೀಡರ್‌ಶಿಪ್ ಟೀಮನ್ನು ಗಟ್ಟಿ ಮಾಡಲು ಒಂದು ದಿನದ ರಿಟ್ರೀಟ್ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಮೇಘನಳಿಗೆ ಮಾತ್ರ ಉಳಿದದ್ದು ಗೊತ್ತಿತ್ತು.

ಸೀರೆ ಕಂಪನಿಯ ಮಾಲೀಕ ಸಂತೋಷ್ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದ್ದ. "ಮೂವರಲ್ಲಿ ಒಬ್ರು ಹೋಗ್ಬೇಕು. ನನ್ನ ಬಾಯಿಂದ ಬರ್ಬಾರ್ದು, ಅವರ ಬಾಯಿಂದ್ಲೇ ಬರ್ಬೇಕು. ನಮ್ಮಪ್ಪನ ಕಾಲದ ಜನ, ಊರಲ್ಲಿ ನನಗೆ ಕೆಟ್ಟ ಹೆಸರು ಬೇಡ. ಭಾನುವಾರ ಮಧ್ಯಾಹ್ನ ಊಟಕ್ಕೆ ಅಲ್ಲಿಗೇ ಬರ್ತೀನಿ. ಒಂದು ಹೆಸರು ರೆಡಿ ಇರ್ಲಿ. ಇಲ್ಲಾಂದ್ರೆ ನಿಮ್ದೇ ಹೆಸರು ಇಟ್ಕೋತೀನಿ."

ನಗುತ್ತಲೇ ಹೇಳಿದ್ದ. ಆದರೆ ಆ ನಗು ಮೇಘನಳಿಗೆ ಗೊತ್ತಿತ್ತು. ಹಿಂದಿನ ಕಂಪನಿಯಲ್ಲಿ ಅವಳನ್ನು ಗಾಜಿನ ಕೋಣೆಗೆ ಕರೆದವನೂ ಹೀಗೇ ನಕ್ಕಿದ್ದ. ಕೊರಳಿನ ಐಡಿ ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಟೇಬಲ್ಲಿನ ಮೇಲಿಟ್ಟು, ನೀರು ಕುಡೀತೀರಾ ಎಂದು ಕೇಳಿದ್ದ. ರಟ್ಟಿನ ಡಬ್ಬಿ ಹೊತ್ತು ಲಿಫ್ಟಿನಲ್ಲಿ ಇಳಿಯುವಾಗ ಜೊತೆಗಿದ್ದವರು ಅವಳನ್ನು ನೋಡದೆ ಲಿಫ್ಟಿನ ಗುಂಡಿಗಳನ್ನು ನೋಡುತ್ತಿದ್ದರು. ಆ ಡಬ್ಬಿಯನ್ನು ಇನ್ನೊಮ್ಮೆ ಹೊರುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದಳು. ಹೊರುವುದಾದರೆ ಬೇರೆಯವರು ಹೊರಲಿ.

ಬೇರೆಯವರು ಯಾರೆಂದು ಅವಳೇ ಆರಿಸಿದ್ದಳು. ಉಮಾಶಂಕರ್. ವಯಸ್ಸಾಗಿದೆ, ಕಿವಿ ಕೇಳದು, ಎದುರು ಮಾತಾಡುವ ಸ್ವಭಾವವಲ್ಲ.

ಅಂಗಳದಲ್ಲಿ ಕಲ್ಲು ಹೂಡಿ ಸೌದೆ ಒಲೆ ಹಚ್ಚಿಸಿದಳು. ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುವುದು ಮೊದಲ ಆಟ. ಅವರೆಕಾಯಿಯ ಕಾಲ. ನೆನೆಸಿದ ಕಾಳನ್ನು ಹಿತಕುತ್ತ ಕೂತವರ ಕೈಯಿಂದ ಸೊಗಡು ಏಳುತ್ತಿತ್ತು. ಮೇಘನ ಒಬ್ಬೊಬ್ಬರನ್ನೇ ನೆಪ ಹೇಳಿ ಪಕ್ಕಕ್ಕೆ ಕರೆದಳು.

ಮಮತಳಿಗೆ ಹೇಳಿದಳು: "ಇವತ್ತು ಎಲ್ಲರೂ ಉಮಾಶಂಕರ್ ಹೆಸರು ಬರೀತಾರೆ. ನೀವೊಬ್ರು ಬರೀದಿದ್ರೆ ನಿಮ್ಮ ಹೆಸರು ಬರುತ್ತೆ. ಮಗಳನ್ನ ಕಾಲೇಜಿಗೆ ಸೇರಿಸೋ ವರ್ಷ ಅಲ್ವಾ ಇದು?"

ಅಂಜನ್‌ಗೂ ಅದನ್ನೇ ಹೇಳಿ, ಸೇರಿಸಿದಳು: "ಹೊಸದಾಗಿ ಮದುವೆ ಆಗಿದ್ದೀರ. ಯೋಚನೆ ಮಾಡಿ."

ಉಮಾಶಂಕರರ ಕೇಳುವ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ನೀವು ಮಮತ ಹೆಸರು ಬರೀರಿ ಸಾರ್. ಅಂಜನ್ ಕೂಡ ಅದನ್ನೇ ಬರೀತಾರೆ."

ಅವರು ಅವಳ ಮುಖವನ್ನೇ ನೋಡಿದರು. "ಮಮತಮ್ಮಂದಾ?" ಎಂದರು. ಹೋಗಿ ಕಾಳು ಹಿತಕಲು ಕೂತರು.

ಸಂತೋಷ್‌ನ ಫೋನು ಬಂತೆಂದು ಮೇಘನ ಕಾಟೇಜಿನ ಹಿಂದೆ ಹೋಗಿ ಬರುವಷ್ಟರಲ್ಲಿ ಮೂವರೂ ತಲೆ ತಲೆ ಸೇರಿಸಿ ಕೂತಿದ್ದರು. ಬೆರಳುಗಳು ಕಾಳು ಹಿತಕುತ್ತಲೇ ಇದ್ದವು. ಅವಳನ್ನು ಕಂಡು ಮಾತು ನಿಂತಿತು. ಅಂಜನ್ ಬಾಯಲ್ಲಿ ಜೋಕು ಬರಲಿಲ್ಲ. ಮೇಘನ ಅದನ್ನು ಫೋಟೊ ತೆಗೆದುಕೊಂಡಳು. ತಂಡ ಹತ್ತಿರವಾಗುತ್ತಿದೆ ಎಂದು ಸಂತೋಷ್‌ಗೆ ಕಳಿಸಿದಳು.

ಮುದ್ದೆ, ಹಿತಕಿದ ಬೇಳೆ ಸಾರು. ನಾಲ್ವರೂ ಒಂದೇ ಮಡಕೆಯಿಂದ ಬಡಿಸಿಕೊಂಡು ಉಂಡರು. ಸಾರು ನಿಜಕ್ಕೂ ಚೆನ್ನಾಗಿತ್ತು.

*

ನೆತ್ತಿಯ ಮೇಲೆ ಸೂರ್ಯ ಬಂದಾಗ ಮೇಘನ ಚೀಲದಿಂದ ಸುತ್ತಿಗೆ, ಮೊಳೆಗಳ ಜೊತೆ ಒಂದು ಬಿಳಿ ಡಬ್ಬಿ ತೆಗೆದಳು. ಅವಳ ವಿಸಿಟಿಂಗ್ ಕಾರ್ಡುಗಳು. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ ಅಚ್ಚಾಗಿ ಇಡೀ ಡಬ್ಬಿ ದಂಡವಾಗಿತ್ತು. ಒಂದು ಬದಿಗೆ ನೀಲಿ ಅಕ್ಷರದಲ್ಲಿ ಅವಳ ಹೆಸರು. ಇನ್ನೊಂದು ಬದಿ ಖಾಲಿ.

"ಹಿಂದುಗಡೆ ಒಂದು ಹೆಸರು ಬರೀರಿ. ಈ ತಂಡ ಗಟ್ಟಿಯಾಗ್ಬೇಕಾದ್ರೆ ಯಾರು ಇರಬಾರದೋ ಅವರ ಹೆಸರು. ಒಬ್ಬೊಬ್ಬರಾಗಿ ಹೋಗಿ ಆ ಮರಕ್ಕೆ ಹೊಡೆದು ಬನ್ನಿ. ಬರೆದದ್ದು ಹೊರಗೆ ಕಾಣೋ ಹಾಗೆ. ಉಳಿದೋರು ಈ ಜಗಲಿ ಮೇಲೆ ಕಣ್ಣು ಕಟ್ಟಿಕೊಂಡು ಕೂತಿರಬೇಕು."

"ಆ ಮರಕ್ಕಾ?" ಎಂದ ಅಂಜನ್.

"ಆ ಮರಕ್ಕೇ. ಭಯ ಮುರಿಯದವರು ಲೀಡರ್ ಆಗಲ್ಲ."

ಉಮಾಶಂಕರ್ ಕಾರ್ಡನ್ನು ಅಂಗೈಯಲ್ಲಿ ಹಿಡಿದು ಮಗುಚಿ ನೋಡಿದರು. ಮತ್ತೆ ಮಗುಚಿದರು. ಬಟ್ಟೆಯ ಒಳಮೈ ಹೊರಮೈ ನೋಡುವವರ ಹಾಗೆ.

"ಇದರ ಮೇಲೆ ನಿಮ್ಮ ಹೆಸರಿದೆ ಮೇಡಂ."

"ಹಿಂದೆ ಖಾಲಿ ಇದೆಯಲ್ಲ."

"ಅದಲ್ಲ. ಬರೆದದ್ದು ಹೊರಗೆ ಬಂದ್ರೆ ನಿಮ್ಮ ಹೆಸರು ಮರದ ಕಡೆ ಬೀಳುತ್ತೆ. ಬೈಲಪ್ಪ ಹೇಳಿದ್ದು ಕೇಳಿದ್ರಲ್ಲ. ಆಫೀಸು ರೂಮಲ್ಲಿ ಬೇರೆ ಹಾಳೆ ಇರುತ್ತೆ, ತರ್ಲಾ?"

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಮೇಘನಳನ್ನು ಕೆರಳಿಸಿತು.

"ಉಮಾಶಂಕರ್, ಈ ಕಂಪನಿಯಲ್ಲಿ ತೊಂದರೆ ಏನು ಅಂತ ಕೇಳ್ತಿದ್ರಲ್ಲ. ಇದೇ. ನೀವು ಇನ್ನೂ ನಿಮ್ಮಜ್ಜನ ಕಾಲದಲ್ಲಿದ್ದೀರ."

"ಮೇಡಂ, ಒಂದ್ ನಿಮಿಷ ಅಷ್ಟೆ, ನಾನೇ ಓಡಿ ತರ್ತೀನಿ," ಎಂದ ಅಂಜನ್.

"ಕೂತ್ಕೊಳ್ಳಿ."

"ಬಿಡೋ ಅಂಜನ್," ಎಂದಳು ಮಮತ. ಬೆಳಗಿನಿಂದ ಅವಳು ಆಡಿದ ಅತಿ ಮೆತ್ತನೆಯ ಮಾತು ಅದು. "ಮೇಡಂ ಹೇಳಿದ್ಮೇಲೆ ಆಯ್ತು."

ಮೊದಲು ಮೇಘನಳೇ ಹೋದಳು. ಬರೆದ ಹೆಸರು ಹೊರಗೆ ಕಂಡರೆ ಆಮೇಲೆ ಬರುವವರಿಗೆ ದಾರಿ ಸುಲಭವಾದೀತು ಎಂಬ ಲೆಕ್ಕ ಅವಳದು. ಹತ್ತಿರ ಹೋದಂತೆ ಹುಳಿ ವಾಸನೆಯೊಳಗೆ ಇನ್ನೊಂದು ಬೆರೆಯಿತು. ಚುಟ್ಟಾದ ಹೊಗೆ. ಯಾವ ಕೆಲಸದವನೋ ಸೇದಿ ಹೋಗಿರಬೇಕು. ಮರದ ಕೆಳಗೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ನೆರಳು ತಣ್ಣಗಿತ್ತು, ಒದ್ದೆ ಗೋಣಿ ಹೊದ್ದ ಹಾಗೆ. ಕಾರ್ಡಿನ ಖಾಲಿ ಬದಿಯಲ್ಲಿ ಉಮಾಶಂಕರ್ ಎಂದು ದಪ್ಪಗೆ ಬರೆದು, ತೊಗಟೆಗೆ ಒತ್ತಿ ಹಿಡಿದು, ಸುತ್ತಿಗೆ ಎತ್ತಿದಳು.

ಮೊಳೆ ಸಲೀಸಾಗಿ ಇಳಿಯಿತು. ಮರಕ್ಕೆ ಹೊಡೆದ ಹಾಗಿರಲಿಲ್ಲ.

ಬಾಯಲ್ಲಿ ತುಕ್ಕಿನ ರುಚಿ ಬಂತು. ನಾಲಗೆ ಕಚ್ಚಿಕೊಂಡೆ ಅಂದುಕೊಂಡಳು. ಉಗುಳಿದಳು. ರಕ್ತವಿರಲಿಲ್ಲ.

ಜಗಲಿಗೆ ವಾಪಸು ಬಂದು, ಕಾರ್ಖಾನೆಯಿಂದ ತಂದಿದ್ದ ಕಪ್ಪು ರವಿಕೆ ಬಟ್ಟೆಯ ಪಟ್ಟಿಯನ್ನು ತಾನೇ ಬಿಗಿಯಾಗಿ ಕಣ್ಣಿಗೆ ಕಟ್ಟಿಕೊಂಡಳು. "ಮುಂದೆ ಮಮತ," ಎಂದಳು. ನಾಲಗೆ ದಪ್ಪವಾಗಿತ್ತು. ಮಾತು ಬಾಯೊಳಗೇ ಎಡವಿತು.

ಕತ್ತಲು. ಹೊಸ ಬಟ್ಟೆಯ ಗಂಜಿಯ ವಾಸನೆ. ಮಮತಳ ಕಾಲುಂಗುರ ಕಲ್ಲಿಗೆ ತಾಗುತ್ತ ದೂರ ಹೋಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸುತ್ತಿಗೆ.

ಠಕ್.

ಅಂಗೈಯಲ್ಲಿ ಏನೋ ಚುಚ್ಚಿತು. ತೊಡೆಯ ಮೇಲಿಟ್ಟ ಎರಡೂ ಕೈ ತಣ್ಣಗಾದವು. ಬೆರಳು ಮಡಚಲು ನೋಡಿದಳು. ಮಡಚಲಿಲ್ಲ. ಕೂತ ಭಂಗಿಯಿಂದ ಜೋಮು ಹಿಡಿದಿದೆ. ಅಷ್ಟೇ. ಅಷ್ಟೇ ಇರಬೇಕು.

ಕಾಲುಂಗುರ ವಾಪಸು ಬಂತು. ಅಂಜನ್‌ನ ಬೂಟು ಎದ್ದು ಹೋಯಿತು.

ಠಕ್. ಠಕ್. ಏಟು ಜಾರಿರಬೇಕು. ಮತ್ತೊಮ್ಮೆ ಠಕ್.

ಪಾದಗಳು ಹೋದವು. ಇದ್ದವು, ನೆಲದ ಮೇಲೇ ಇದ್ದವು. ಆದರೆ ಬೇರೆ ಯಾರದೋ ಪಾದಗಳು. ಕಾಲು ಸರಿಸು ಎಂದಳು. ಅವು ಅವಳ ಮಾತು ಕೇಳಲಿಲ್ಲ. ಕಣ್ಣಿನ ಪಟ್ಟಿ ಕೀಳಬೇಕು. ಕೈ ಏಳಲಿಲ್ಲ. ಮಮತ ಎಂದು ಕೂಗಬೇಕು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಹಲ್ಲಿನ ಹಿಂದೆ ಒಂದು ಮೊಳೆಯ ತಲೆ ಇದ್ದ ಹಾಗೆ. ಚುಟ್ಟಾದ ವಾಸನೆ ಜಗಲಿಗೇ ಬಂದಿತ್ತು. ತೀರ ಹತ್ತಿರ. ಯಾರೋ ಉಸಿರು ಬಿಟ್ಟರು. ಬಿಸಿಯಾಗಿ. ಕುತ್ತಿಗೆಯ ಹಿಂದೆ.

ಪಕ್ಕದಲ್ಲೇ ಉಮಾಶಂಕರ್ ಎದ್ದರು. ಮಂಡಿ ಲಟಕ್ ಎಂದಿತು. ಬೇಡ ಎನ್ನಬೇಕು. ಹೋಗಬೇಡಿ ಎನ್ನಬೇಕು. ಹೆಜ್ಜೆ ದೂರವಾಯಿತು. ನಿಂತಿತು. ಬಹಳ ಹೊತ್ತು ನಿಂತಿತು. ಅವರು ಅವಳು ಬರೆದದ್ದನ್ನು ಓದುತ್ತಿರಬೇಕು. ತಮ್ಮದೇ ಹೆಸರನ್ನು.

ಬೇಡ.

ಠಕ್.

ಒಂದೇ ಏಟು. ಕೈ ಪಳಗಿದವರ ಏಟು.

ಅವಳು ಎದ್ದು ನಿಂತಳು. ಅವಳಲ್ಲ, ಕಾಲುಗಳು. ಜಗಲಿಯ ಮೆಟ್ಟಿಲು ಇಳಿದವು. ಕಣ್ಣಿಗೆ ಕತ್ತಲು. ಅಂಗಾಲಿಗೆ ಬಿಸಿ ಕಲ್ಲು. ಒಲೆಯ ಕಾವು ಬಲಗಡೆ ಹಾದು ಹೋಯಿತು. ಹುಲ್ಲು. ನೆರಳಿನ ತಂಪು. ಕಾಲು ಬೇರನ್ನು ಎಡವಿತು. ಬೀಳಲಿಲ್ಲ. ಬೀಳಲು ಬಿಡಲಿಲ್ಲ. ಮೈ ತಿರುಗಿತು. ಬೆನ್ನಿಗೆ ತೊಗಟೆ ಒತ್ತಿತು.

ತೊಗಟೆ ಬೆಚ್ಚಗಿತ್ತು.

*

ಕಿವಿ ಮಾತ್ರ ಉಳಿದಿತ್ತು. ಕಿವಿಗೆ ಯಾರೂ ಮೊಳೆ ಹೊಡೆದಿರಲಿಲ್ಲ.

"ಬಂದ್ಬಿಟ್ರು," ಎಂದ ಅಂಜನ್. ಅವನ ದನಿ ಒಡೆದಿತ್ತು. "ಸಾರ್, ನಿಜವಾಗ್ಲೂ ಬಂದ್ಬಿಟ್ರು ಸಾರ್. ನೀವೇನು ಬರೆದ್ರಿ?"

"ಏನೂ ಬರೀಲಿಲ್ಲ ಕಣೋ. ನೀನು?"

"ನಾನೂ ಇಲ್ಲ."

"ನಾನೂ ಇಲ್ಲ," ಎಂದಳು ಮಮತ. "ಬರೆಯೋಕೇನಿತ್ತು. ಹೆಸರು ಅಚ್ಚಾಗೇ ಬಂದಿತ್ತಲ್ಲ."

ಮೇಘನ ಕೇಳಿಸಿಕೊಂಡಳು. ನಾಲ್ಕು ಕಾರ್ಡು, ನಾಲ್ಕರಲ್ಲೂ ತೊಗಟೆಯ ಕಡೆಗೆ ಒಂದೇ ನೀಲಿ ಹೆಸರು. ಒಂದೇ ಮಡಕೆಯಲ್ಲಿ ಉಂಡ ನಾಲ್ವರು. ಅದರಲ್ಲಿ ಒಂದು ಮೊಳೆ ಅವಳದೇ.

ಬೆನ್ನ ಹಿಂದೆ ತೊಗಟೆ ಮೆಲ್ಲಗೆ ಕದಲಿತು. ಹೆಗಲ ಎರಡೂ ಪಕ್ಕಕ್ಕೆ ತುಟಿಯ ಹಾಗೆ ಏರತೊಡಗಿತು.

"ಕಿತ್ಬಿಡೋಣ ಸಾರ್," ಎಂದ ಅಂಜನ್. "ಸುಮ್ನೆ ಹೆದರಿಸೋಣ ಅಂದ್ಕೊಂಡೆ ನಾನು. ಹೊತ್ತಿನ್ನೂ ವಾಲಿಲ್ಲ. ಕಿತ್ಬಿಡ್ತೀನಿ ನಂದು."

ಸುತ್ತಿಗೆಯ ಕೊಕ್ಕೆ ಮೊಳೆಗೆ ಸಿಕ್ಕಿಕೊಂಡ ಸದ್ದು. ಕಿರ್ರ್ ಎಂದಿತು. ಎಡಗಾಲಿನ ಹೆಬ್ಬೆರಳಿಗೆ ಜೀವ ಬಂತು. ಆಮೇಲೆ ಪಕ್ಕದ ಬೆರಳಿಗೆ. ಮೇಘನ ಒಳಗೇ ಅತ್ತಳು. ಅಂಜನ್, ಅಂಜನ್, ನಿನ್ನನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಮೂವರನ್ನೂ ನೋಡಿಕೊಳ್ಳುತ್ತೇನೆ. ಹಿಮ್ಮಡಿ ನೆಲ ಬಿಟ್ಟು ಕೂದಲೆಳೆಯಷ್ಟು ಮೇಲೆದ್ದಿತು.

"ಕೀಳು," ಎಂದರು ಉಮಾಶಂಕರ್. ಬೈಯುವ ದನಿಯಲ್ಲ, ಕೆಲಸ ಕಲಿಸುವ ದನಿ. "ಕಿತ್ತ ಮೇಲೆ ಏನ್ಮಾಡೋಣ ಹೇಳು. ಸಂತೋಷ್ ಸಾರ್ ಬರ್ತಾ ಇದ್ದಾರೆ. ಹೆಸರು ಕೇಳ್ತಾರೆ. ಯಾರ್ದು ಹೇಳೋಣ? ನಂದಾ?"

ಕಿರ್ರ್ ಸದ್ದು ನಿಂತಿತು.

"ಮಮತಮ್ಮಂದಾ?"

ಗಾಳಿ ಒಮ್ಮೆ ಎಲೆಗಳನ್ನು ಅಲುಗಿಸಿ ಹೋಯಿತು.

"ನಿಂದಾ?"

ಕೊಕ್ಕೆ ಮೊಳೆಯಲ್ಲಿ ಹಾಗೇ ಇತ್ತು. ಮೇಘನ ಅವನ ಉಸಿರು ಎಣಿಸುತ್ತಿದ್ದಳು. ಅವನು ಮೂಗು ಸೀಟಿಕೊಂಡ. ಆಮೇಲೆ ಕೊಕ್ಕೆ ಬಿಡಿಸಿಕೊಂಡಿತು. ಸುತ್ತಿಗೆ ಕೈಯಲ್ಲಿ ತಿರುಗಿತು.

"ಸಾರಿ ಮೇಡಂ," ಎಂದ.

ಠಕ್.

ಈ ಸಲ ಏಟು ಜಾರಲಿಲ್ಲ.

ಮೂವರೂ ಅಲ್ಲೇ ನಿಂತಿದ್ದರು. ಯಾರೋ ನೀರು ಕುಡಿದರು. ಯಾರೋ ಇನ್ನೊಬ್ಬರಿಗೆ ಲೋಟ ದಾಟಿಸಿದರು. "ಹೆದರ್ಬೇಡ ಕಣೋ," ಎಂದರು ಉಮಾಶಂಕರ್. "ನಾವಿದ್ದೀವಲ್ಲ." ಇಂಥ ಒಂದು ಮಾತನ್ನು ಅವರ ಬಾಯಿಂದ ಆಡಿಸುವ ನೆಪದಲ್ಲೇ ಮೇಘನ ಇಡೀ ದಿನದ ಆಟಗಳನ್ನು ಜೋಡಿಸಿ ತಂದಿದ್ದಳು.

ತೊಗಟೆ ಕಂಕುಳು ದಾಟಿತ್ತು. ನೋವಿರಲಿಲ್ಲ. ನೋವಿದ್ದರೆ ಚೆನ್ನಾಗಿತ್ತು. ಹಿಂದಿನಿಂದ ಯಾವುದೋ ದೊಡ್ಡ ಮೈ ಅವಳನ್ನು ಮೆಲ್ಲಗೆ, ಅವಸರವಿಲ್ಲದೆ, ಒಳಗೆ ಎಳೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದ. ಹಳೆಯವನು. ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಅರ್ಧಕ್ಕೆ ನಿಂತ ಒಂದು ಮಾತನ್ನು ಅವನು ಇನ್ನೂ ಬಾಯೊಳಗೇ ಅಗಿಯುತ್ತಿದ್ದ.

*

ಕಾರು ಬಂದಾಗ ತೊಗಟೆ ಮುಖವನ್ನೂ ತೆಳ್ಳಗೆ ಮುಚ್ಚಿತ್ತು, ಕಿವಿಗಳು ಮಾತ್ರ ಉಳಿದಿದ್ದವು. ಬಾಗಿಲು ಹಾಕಿದ ಸದ್ದು, ದುಬಾರಿ ಸೆಂಟಿನ ವಾಸನೆ.

"ಏನ್ರಪ್ಪಾ, ಮುಗೀತಾ ನಿಮ್ ರಿಟ್ರೀಟು?" ಸಂತೋಷ್. "ಎಲ್ಲಿ ಆಯಮ್ಮ?"

"ಮೇಡಂ ಇನ್ ಬರಲ್ಲ ಸಾರ್," ಎಂದಳು ಮಮತ.

"ಬಿಟ್ಟು ಹೋದ್ಲಾ?"

"ಎಲ್ರೂ ಒಪ್ಪಿ ಆಗಿದ್ದು ಸಾರ್. ಅವರೂ ಒಪ್ಪಿದ್ರು."

ಸಂತೋಷ್ ಮರದ ನೆರಳಿಗೆ ಬಂದ. ಕಾಂಡಕ್ಕೆ ಅಂಗೈ ಊರಿ ನಿಂತ. ಆ ಅಂಗೈ ಬಿದ್ದದ್ದು ಮೇಘನಳ ಎದೆಯ ಮೇಲೆ. ಉಳಿದಿದ್ದ ಅಷ್ಟೂ ಉಸಿರನ್ನು ಕೂಡಿಸಿ ಅವಳು ಒಮ್ಮೆ, ಒಂದೇ ಒಮ್ಮೆ, ಅದರ ಕೆಳಗೆ ಅದುರಿದಳು.

"ಬಿಸಿಲಿಗೆ ಮರಾನೂ ಕಾದ್ಬಿಟ್ಟಿದೆ," ಎಂದು ಅವನು ಕೈ ಕೊಡವಿಕೊಂಡ. "ಹೋದ್ರೆ ಹೋಗ್ಲಿ ಬಿಡಿ, ಬರೀ ಮಾತು. ಆದ್ರೆ ಅವಳು ಲೆಕ್ಕಕ್ಕಿಲ್ಲ. ನಾನು ಕೇಳಿದ್ದು ನಿಮ್ಮ ಮೂವರಲ್ಲಿ ಒಂದು ಹೆಸರು. ಅದು ಇವತ್ತೇ ಬೇಕು ನಂಗೆ."

ಮೂವರು ಒಬ್ಬರನ್ನೊಬ್ಬರು ನೋಡಿಕೊಂಡದ್ದು ಮೇಘನಳಿಗೆ ತಿಳಿಯಿತು. ಈಗ ಅವರಿಗೆ ಮಾತು ಬೇಕಿರಲಿಲ್ಲ.

"ಆಗ್ಲಿ ಸಾರ್," ಎಂದರು ಉಮಾಶಂಕರ್. "ಮೊದ್ಲು ಊಟ ಮಾಡಿ. ಹೊತ್ತಾಗಿದೆ."

"ಹಿತಕಿದ ಬೇಳೆ ಸಾರ್," ಎಂದ ಅಂಜನ್. ಅವನ ದನಿಗೆ ಹಳೆಯ ನಗು ವಾಪಸು ಬಂದಿತ್ತು. "ನಾವೇ ಹಿತಕಿದ್ದು. ಉಗುರು ನೋಡಿ ಬೇಕಾದ್ರೆ."

ಮಡಕೆಯಲ್ಲಿ ಸೌಟು ತಿರುಗಿತು. ಸೊಗಡು ಮರದವರೆಗೂ ಬಂತು. ತಟ್ಟೆಯ ಸದ್ದು. ಸಂತೋಷ್ ಸಾರು ಸುರಿದುಕೊಂಡ, ಮುದ್ದೆ ಮುರಿದ, ಚೆನ್ನಾಗಿದೆ ಕಣ್ರೀ ಎಂದ, ಮತ್ತೆ ಹಾಕಿಸಿಕೊಂಡ. ಮೂವರೂ ಅವನ ಜೊತೆ ಇನ್ನೊಂದೊಂದು ತುತ್ತು ಉಂಡರು.

"ಸಾರ್," ಎಂದಳು ಮಮತ, ಅವನ ಕೈಗೆ ನೀರು ಹಾಕುತ್ತ. "ಒಂದು ಚಿಕ್ಕ ಆಟ ಇದೆ. ಮೇಡಂ ಹೇಳಿಕೊಟ್ಟಿದ್ದು. ನೀವೂ ಸೇರ್ಕೊಂಡ್ರೆ ಹೆಸರು ಈಗ್ಲೇ ಬಂದ್ಬಿಡುತ್ತೆ. ನಿಮ್ಮ ವಿಸಿಟಿಂಗ್ ಕಾರ್ಡ್ ಇದ್ರೆ ಕೊಡಿ."

"ಎಷ್ಟು ಬೇಕು?"

"ನಾಲ್ಕು ಸಾಕು ಸಾರ್."

ಜೇಬಿನಿಂದ ಪರ್ಸು ಹೊರಬಂದ ಸದ್ದು. ತೊಗಟೆ ಮೇಘನಳ ಕಿವಿಯ ಅಂಚಿಗೆ ಬಂದಿತ್ತು. ಮುಚ್ಚುವ ಮೊದಲು ಅವಳಿಗೆ ಕೊನೆಯದಾಗಿ ತಿಳಿದದ್ದು ಇಷ್ಟು: ಪಕ್ಕದಲ್ಲಿ ನಿಂತಿದ್ದ ಹಳೆಯವನು ಸ್ವಲ್ಪ ಅತ್ತ ಸರಿದು, ನಡುವೆ ಒಬ್ಬರಿಗಾಗುವಷ್ಟು ಜಾಗ ಮಾಡಿದ.